ಕರೆಯದೆ ಬರುವವರು

ಫೋನು ಹೊಡೆದುಕೊಂಡದ್ದೂ ಹಲಗೆಯ ಮೇಲಿನ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅಂದದ್ದೂ ಒಟ್ಟಿಗೇ ಆದುದರಿಂದ ಸುಮಿತಾ ಫೋನಿನ ಕಡೆ ಹೋಗದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು. ಮರದ ಲಾರಿ. ಕೆಳಗಿನ ರಸ್ತೆಯಲ್ಲಿ ಮಡಿಕೇರಿ ಕಡೆ ಹೋಗುವ ಮರದ ಲಾರಿ, ಅಷ್ಟೆ. ದಿನಾ ಹೋಗುತ್ತದೆ, ದಿನಾ ಲೋಟ ಅಲುಗುತ್ತದೆ, ದಿನಾ ಅವಳ ಕೈ ಅವಳನ್ನು ಕೇಳದೆ ಚೌಕಟ್ಟಿಗೆ ಹೋಗುತ್ತದೆ. ಮನೆ ಹೋದವರಿಗೆ ಸರಕಾರ ಕಟ್ಟಿಸಿಕೊಟ್ಟ ಈ ಲೇಔಟಿನ ಒಂದೇ ಅಚ್ಚಿನ ಮನೆಗಳಲ್ಲಿ ಯಾರ ಮನೆಗೆ ಹೋಗಿ ನೋಡಿದರೂ ಮುಂಬಾಗಿಲ ಚೌಕಟ್ಟಿನಲ್ಲಿ ಭುಜದ ಎತ್ತರಕ್ಕೆ ಒಂದು ಅಂಗೈಯಷ್ಟು ಜಾಗದ ಬಣ್ಣ ಹೋಗಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಳೆದ ದೀಪಾವಳಿಗೆ ಎದುರು ಮನೆಯವಳು ಚೌಕಟ್ಟಿಗೆ ಹೊಸ ಬಣ್ಣ ಹೊಡೆಸಿದಳು, ಈಗ ನೋಡಿದರೆ ಅಲ್ಲೇ ಮತ್ತೆ ಮರ ಕಾಣುತ್ತಿದೆ. ಫೋನು ನಿಂತು ಮತ್ತೆ ಹೊಡೆದುಕೊಂಡಿತು. 'ಸುಮಿತಾ, ನಾನು, ದೊಡ್ಡಮನೆಯಿಂದ. ಅಜ್ಜ ಹೋದ್ರು. ಬೆಳಗಾಗುವಾಗ. ಜನ ಬರ್ಲಿಕ್ಕೆ ಶುರುವಾಗಿದೆ, ಪಾತ್ರೆಗೆ ಯಾರೂ ಇಲ್ಲ ಮಾರಾಯ್ತಿ. ಒಂದು ಜೀಪು ಹತ್ತಿ ಬಂದುಬಿಡು ಆಯ್ತಾ?' ಯಮುನಮ್ಮ. ಸತ್ತ ಕೃಷ್ಣಪ್ಪ ಸಾಹುಕಾರರ ಸೊಸೆ. ಅವರ ತೋಟದ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಸುಮಿತಾ ಮದುವೆಯಾಗಿ ಬಂದದ್ದು, ಗಿರಿಯ ಜೊತೆ ಬಾಳಿದ್ದು. ಆ ಲೈನು ಈಗ ಇಲ್ಲ. ಗಿರಿಯೂ ಇಲ್ಲ. ಆದರೆ ಯಮುನಮ್ಮನ ದನಿಯಲ್ಲಿ 'ಸುಮಿತಾ' ಎನ್ನುವ ಹೆಸರು ಈಗಲೂ ಹಾಗೆಯೇ ಇದೆ, ಗುಡ್ಡದಿಂದ ಗುಡ್ಡಕ್ಕೆ ಕೂಗುವಾಗ ಕೊನೆಯಲ್ಲಿ ಎಳೆಯುತ್ತಿದ್ದಂತೆ.

'ಯಾರದು?' ಎಂದಳು ಬೆಳ್ಳಿ. ಗಿರಿಯ ತಾಯಿ, ಬಿಸಿಲು ಬೀಳುವ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು.

'ಸಾಹುಕಾರ್ರು ಸತ್ತರಂತೆ.'

ಬೆಳ್ಳಿ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದಳು. 'ಈ ಸಲ ನಿಜಕ್ಕೂನಾ?'

ಸುಮಿತಾಗೆ ನಗು ಬಂತು, ಬಂದ ನಗುವಿನ ಹಿಂದೆಯೇ ಸಿಟ್ಟೂ ಬಂತು. ಈಚೆಗೆ ಅವೆರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಸೀರೆ ಬದಲಿಸುತ್ತಿರುವಾಗ ಮುದುಕಿ ಹೊರಗಿನಿಂದಲೇ ಕೇಳಿದಳು: 'ಗುಂಡು ಹೊಡೆದಿರ್ತಾರಲ್ಲ?' ಹೊಡೆದಿರ್ತಾರೆ. 'ಎರಡೂ?' ಸಾವಿಗೆ ಎರಡೇ ಹೊಡೆಯೋದು ಅತ್ತೆ, ನಿಮಗೆ ಗೊತ್ತಿಲ್ವಾ? 'ಗೊತ್ತುಂಟು. ಹುಟ್ಟಿದ್ರೆ ಒಂದು, ಸತ್ರೆ ಎರಡು. ನಮ್ಮವನು ಹುಟ್ಟಿದಾಗಲೂ ಇಲ್ಲ, ಸತ್ತಾಗಲೂ ಇಲ್ಲ.' ಆಮೇಲೆ, ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡದ್ದನ್ನು ಉಗುಳುವ ಹಾಗೆ: 'ಇವತ್ತು ಕೇಳು. ಕೋವಿ ಹೇಗೂ ಕಪಾಟಿನಿಂದ ಹೊರಗೆ ಬಂದಿರ್ತದೆ. ಎರಡು ಗುಂಡು. ಅವರಿಗೇನು ಕಮ್ಮಿ ಆಗ್ತದೆ? ಊರಿಗೆ ಹೇಳದೆ ಹೋದ ಸಾವು ಸಾವಲ್ಲ ಸುಮಿತಾ. ನಾನು ಅವನಿಗೆ ಅಳುವುದಾ, ಕಾಯುವುದಾ ಅಂತಲೇ ತಿಳಿಯೋದಿಲ್ಲ ನನಗೆ.'

ಜೀಪಿನಲ್ಲಿ ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರೆಲ್ಲ ಅಲ್ಲಿಗೇ ಹೊರಟವರು. ಒಬ್ಬಳು ಹೇಳುತ್ತಿದ್ದಳು, ಎಂಥ ಪುಣ್ಯಾತ್ಮ, ಅವರು ಅವತ್ತು ಸಾಯದೆ ಇದ್ದದ್ದಕ್ಕೆ ನಾವೆಲ್ಲ ಇವತ್ತು ಇದ್ದೇವೆ. ಎಲ್ಲ. ಸುಮಿತಾ ಹೊರಗೆ ನೋಡಿದಳು. ಕಾಫಿ ಹಣ್ಣು ಕೀಳುವ ಕಾಲ, ರಸ್ತೆಯ ಎರಡೂ ಕಡೆ ಗಿಡಗಳ ಬುಡದಲ್ಲಿ ಹಾಸಿದ ಪ್ಲಾಸ್ಟಿಕ್ಕು, ಅದರ ಮೇಲೆ ಕೆಂಪು. ತಿರುವಿನಾಚೆ ಒಮ್ಮೆಗೇ ಬೋಳು. ಬೆಟ್ಟದ ಪಕ್ಕೆಯನ್ನು ಯಾರೋ ಕೈಹಾಕಿ ಕಿತ್ತಂತೆ. ಈಗ ಅದರ ಮೇಲೆ ಹುಲ್ಲು ಬಂದು ನೋಡಲು ಚೆಂದವೇ ಆಗಿದೆ, ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆ ಹುಲ್ಲಿನ ಅಡಿಯಲ್ಲಿ ಎಲ್ಲೋ ಲೈನು ಇದೆ, ಅವಳ ಒಲೆ, ಅವಳ ಹಂಡೆ, ಹಗ್ಗದ ಮೇಲೆ ಒಣಗದೆ ಇದ್ದ ಬಟ್ಟೆ, ಮತ್ತೆ ಗಿರಿ. ಜೀಪಿನವನು ಅಲ್ಲಿ ಬಂದಾಗ ಹಾರ್ನು ಹೊಡೆಯುವುದಿಲ್ಲ. ಹೆದರಿಕೆಯಿಂದಲೋ ಮರ್ಯಾದೆಯಿಂದಲೋ ಅವಳು ಕೇಳಿಲ್ಲ.

ಆ ಮಳೆಗಾಲದಲ್ಲಿ ನೆಲ ಮೊದಲೇ ಒಂದು ಸಲ ಅಲುಗಿತ್ತು. ನಡುಮಧ್ಯಾಹ್ನ, ಊಟದ ಹೊತ್ತಿಗೆ. ಗಂಜಿಯ ತಟ್ಟೆ ತಾನಾಗಿ ಸರಿಯಿತು, ಗಿರಿ ಅದನ್ನು ಹಿಡಿದು 'ಎಲ್ಲಿಗೆ ಹೊರಟೆ?' ಎಂದು ಕೇಳಿದ, ಇಬ್ಬರೂ ನಕ್ಕರು. ಆಮೇಲೆ ಊರವರೆಲ್ಲ ಹೊರಗೆ ಬಂದು ನಿಂತು ನನ್ನ ಮನೆ ಗೋಡೆ ಬಿಟ್ಟಿತು, ನನ್ನ ಮನೆ ಹಂಚು ಬಿತ್ತು ಎಂದು ಹೇಳಿಕೊಂಡರು. ಮತ್ತೆ ಮಳೆ. ನಿಲ್ಲದ ಮಳೆ. ಕೆಲಸವಿಲ್ಲವೆಂದು ಲೈನಿನ ಉಳಿದವರು ಕಾಡಿನ ಬದಿಯ ತಂತಮ್ಮ ಹಾಡಿಗಳಿಗೆ ಹೋದರು, ಬೆಳ್ಳಿಯೂ ಮಗಳ ಮನೆಗೆ ಹೋದಳು. ಆನೆ ಕಾವಲಿನವನಿಗೆ ಮಾತ್ರ ರಜೆ ಇಲ್ಲ. ಗಿರಿ ಉಳಿದ, ಅವನಿಗಾಗಿ ಅವಳು ಉಳಿದಳು. ಆ ಬೆಳಿಗ್ಗೆ ಮಳೆ ಉಸಿರು ತೆಗೆದುಕೊಳ್ಳಲು ನಿಂತ ಹೊತ್ತು. ಢಂ. ಆಮೇಲೆ ಒಂದು ಸಲ ಉಗುಳು ನುಂಗುವಷ್ಟು ಬಿಟ್ಟು, ಢಂ. ಪಾತ್ರೆಗಳು ಅಲುಗಿದವೋ ಇಲ್ಲವೋ ಯಾರಿಗೂ ನೆನಪಿಲ್ಲ, ಯಾಕೆಂದರೆ ಎಲ್ಲರ ತಲೆಗೂ ಹೋದದ್ದು ಒಂದೇ: ಎರಡು ಗುಂಡು. ದೊಡ್ಡಮನೆಯ ಕೃಷ್ಣಪ್ಪ ಹೋದರು. ವಾರದಿಂದ ಜ್ವರ, ಮಡಿಕೇರಿಯ ಡಾಕ್ಟರು ತಲೆಯಾಡಿಸಿ ಹೋಗಿದ್ದರು, ಊರೇ ಆ ಗುಂಡಿಗೆ ಕಿವಿಕೊಟ್ಟು ಕುಳಿತಿತ್ತು. ಭೂಮಿಯ ಒಳಗೆ ಏನೋ ಮುರಿದ ಸದ್ದನ್ನು ಜನ ಕೋವಿಯ ಸದ್ದು ಎಂದುಕೊಂಡು ಬಿಳಿ ಉಟ್ಟರು, ಕೊಡೆ ತೆಗೆದರು, ಬಾಗಿಲು ಎಳೆದುಕೊಂಡರು. ಗುಂಡಿನ ಸದ್ದು ಕೇಳಿದ ಮೇಲೆ ಮನೆಗೆ ಒಬ್ಬರಾದರೂ ಹೋಗಬೇಕು. ಸಾಹುಕಾರರ ಸಾವಾದ್ದರಿಂದ ಮನೆಯಲ್ಲಿದ್ದವರೆಲ್ಲ ಹೋದರು, ಕೂಸುಗಳನ್ನು ಎತ್ತಿಕೊಂಡು, ಮುದುಕರ ಕೈ ಹಿಡಿದುಕೊಂಡು.

ಮತ್ತೆ ಆ ಅಂಗಳದ ಕತೆ. ಅದನ್ನು ಈಗ ಹೇಳದವರಿಲ್ಲ. ಬಿಳಿ ಬಟ್ಟೆಯ ಜನ ಕೊಡೆ ಮಡಚಿ ಅಳುವ ಮುಖ ಮಾಡಿಕೊಂಡು ಅಂಗಳಕ್ಕೆ ಬಂದರೆ ಜಗಲಿಯ ಕಂಬ ಹಿಡಿದು, ತಲೆಗೆ ಮಫ್ಲರು ಸುತ್ತಿಕೊಂಡು ಕೃಷ್ಣಪ್ಪ ನಿಂತಿದ್ದಾರೆ. ಅವರಿಗೂ ಸದ್ದು ಕೇಳಿದೆ. 'ಯಾರು ಸತ್ತದ್ದು?' ಎಂದು ಕೇಳಿದರು. ಯಾರು ಹೇಳಬೇಕು? ಒಬ್ಬರ ಹಿಂದೆ ಒಬ್ಬರು ಸರಿದರು. ಕೊನೆಗೆ ಯಾರೋ 'ಹೀಗೇ ಬಂದೆವು' ಎಂದರು. 'ಹೀಗೇನಾ? ಬಿಳಿ ಸೀರೆ ಉಟ್ಟುಕೊಂಡು, ಇಡೀ ಊರು, ಹೀಗೇನಾ?' ಎಂದ ಮುದುಕರು ಕೆಮ್ಮುತ್ತ ನಗತೊಡಗಿದರು. 'ಬಂದ ಮೇಲೆ ಕೂತ್ಕೊಳ್ಳಿ ಬಡ್ಡಿಮಕ್ಕಳಾ. ಹೆಣದ ಕೈಯಿಂದಲೇ ಕಾಫಿ ಕುಡಿದು ಹೋಗಿ.' ಅದನ್ನು ಕುಡಿಯುತ್ತಿರುವಾಗಲೇ ಬೆಟ್ಟ ಕುಸಿದು ಮನೆಗಳ ಮೇಲೆ ಬಿತ್ತು; ಆ ಕಾಫಿಯೇ ಊರನ್ನು ಉಳಿಸಿದ್ದು. ಧರ್ಮೇಶ್ ಅಣ್ಣ, ಯಮುನಮ್ಮನ ಮಗ, ಈಗ ಹೋಮ್‌ಸ್ಟೇ ನಡೆಸುತ್ತಾನಲ್ಲ, ಸಂಜೆ ಬೆಂಕಿ ಹಾಕಿ ಸುತ್ತ ಕುರ್ಚಿ ಇಟ್ಟು ಅತಿಥಿಗಳಿಗೆ ಇದನ್ನೇ ಹೇಳುತ್ತಾನೆ. ಮುದುಕ ನಗುವ ಜಾಗ ಬಂದಾಗ ತಾನೂ ಕೆಮ್ಮಿ ತೋರಿಸುತ್ತಾನೆ. ಅತಿಥಿಗಳು ಚಪ್ಪಾಳೆ ಹೊಡೆಯುತ್ತಾರೆ. ಪಾತ್ರೆ ತೊಳೆಯಲು ಹೋದ ಒಂದು ಸಂಜೆ ಸುಮಿತಾ ಹಿಂದಿನ ಕತ್ತಲಲ್ಲಿ ನಿಂತು ಪೂರ್ತಿ ಕೇಳಿದಳು. ಗಿರಿಯ ಹೆಸರು ಎಲ್ಲಿಯಾದರೂ ಬರಬಹುದು, ಕೊನೆಯಲ್ಲಿ ಬರಬಹುದು ಎಂದು ಕಾದಳು. ಬರಲಿಲ್ಲ. ಲೈನು ಎನ್ನುವ ಮಾತೇ ಬರಲಿಲ್ಲ. ಕತೆಗೆ ಅದು ಬೇಡ. ಅದು ಬಂದರೆ ಚಪ್ಪಾಳೆ ಹೊಡೆಯುವುದು ಹೇಗೆ?

ಕತೆಯಲ್ಲಿ ಇಲ್ಲದ್ದು ಇಷ್ಟೆ. ಗುಂಡಿನ ಸದ್ದು ಕರೆಯುವುದು ಗದ್ದೆ ಇರುವ ಮನೆಗಳವರನ್ನು. ಆಳುಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಯಾರೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ತಪ್ಪಿದರೆ ಗೊತ್ತಾಗುತ್ತದೆ. ಗಿರಿ ಒಂದು ಸಲ ತಪ್ಪಿದ. ಕೆಳಮನೆಯ ಅಜ್ಜಿ ತೀರಿಕೊಂಡಾಗ ಗುಂಡು ಕೇಳಿದ್ದೇ ಓಡಿದ, ಚಿಕ್ಕಂದಿನಲ್ಲಿ ಆ ಅಜ್ಜಿಯ ಕೈಯ ಕಡುಬು ತಿಂದು ಬೆಳೆದವನು. ಅಂಗಳದಲ್ಲಿ ಎಲ್ಲರ ಎದುರು ನಾಪೋಕ್ಲಿನ ಚಿಕ್ಕ ಸಾಹುಕಾರರು, ಕೃಷ್ಣಪ್ಪನವರ ತಮ್ಮ, 'ನಿನ್ನನ್ನ ಯಾರು ಕರೆದದ್ದು?' ಎಂದರು. ಬೈದದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದಂತೆ, ಕುತೂಹಲದಿಂದ. 'ಸೌದೆ ಒಡೆಯುವ ಹೊತ್ತಿಗೆ ಕರೀತೇವೆ, ಆಗ ಬಾ.' ಗಿರಿ ನಕ್ಕ. ನಗುತ್ತಲೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ದನದ ಕೊಟ್ಟಿಗೆಯ ಪಕ್ಕದಲ್ಲಿ ಹೋಗಿ ನಿಂತ. ಮನೆಗೆ ಬಂದು ಅದನ್ನು ತಮಾಷೆಯಾಗಿಯೇ ಹೇಳಿದ, ಚಿಕ್ಕ ಸಾಹುಕಾರರ ಹಾಗೆ ಹುಬ್ಬು ಎತ್ತಿ ತೋರಿಸಿದ. ಆ ಹುಬ್ಬನ್ನು ಸುಮಿತಾ ಮರೆಯಲಿಲ್ಲ. ಅವಳಿಗೆ ಅವತ್ತು ಚಿಕ್ಕ ಸಾಹುಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಗಂಡನ ನಗುವಿನ ಮೇಲೆ ಬಂದಿತ್ತು. ಹಾಗಾಗಿ ಆ ಬೆಳಿಗ್ಗೆ, ಎರಡು ಸದ್ದಾದ ಮೇಲೆ, ಗುಡ್ಡದ ಆಚೆಯಿಂದ ಯಮುನಮ್ಮ 'ಸುಮಿತಾ… ಜನ ಬಂದಿದ್ದಾರೆ, ಬಾ…' ಎಂದು ಕೂಗಿದಾಗ, ಗಿರಿ ಟವಲು ಹೆಗಲಿಗೆ ಹಾಕಿಕೊಂಡು 'ನಾನೂ ಬರಲಾ?' ಎಂದ. 'ನಿನ್ನ ಹೆಸರು ಕೂಗಿದರಾ?' ಎಂದಳು ಅವಳು. 'ಕರೆಯದ ಮನೆಗೆ ನಾಯಿ ಹೋಗ್ತದೆ. ಕೂತ್ಕೋ.' ಅವನು ಕುಳಿತ. ಬಾಗಿಲಲ್ಲಿ, ಟವಲು ಹೆಗಲ ಮೇಲೆಯೇ ಇತ್ತು, ಕರೆದರೆ ಎದ್ದು ಬರಲು ಸರಿಯಾಗಿ.

ಇದನ್ನು ಅವಳು ಎಷ್ಟು ಸಲ ತೊಳೆದಿದ್ದಾಳೆ. ಪಾತ್ರೆಯ ತಳಕ್ಕೆ ಹಿಡಿದದ್ದು ಬಿಟ್ಟೀತು, ಇದು ಬಿಡುವುದಿಲ್ಲ. ನಾನು ಹೇಳಿದೆ. ಸರಿ, ನಾನೇ ಹೇಳಿದೆ. ಆದರೆ ಆ ಮಾತನ್ನು ನನ್ನ ಬಾಯಿಗೆ ಇಟ್ಟವರು ಯಾರು? ಆ ಹುಬ್ಬು ಏಳದೇ ಇದ್ದಿದ್ದರೆ ಅವನು ಎಲ್ಲರ ಹಾಗೆ ಓಡಿ ಬರುತ್ತಿದ್ದ. ಅಂಗಳದ ಮೂಲೆಯಲ್ಲಿ ನಿಂತು ಮುದುಕನ ಮಾತಿಗೆ ನಗುತ್ತಿದ್ದ. ದೇವರಾಣೆಗೂ ಅವನ ನಗು ಎಲ್ಲರಿಗಿಂತ ಜೋರಾಗಿರುತ್ತಿತ್ತು. ಅವಳು ಹಿತ್ತಲಲ್ಲಿ ಲೋಟ ತೊಳೆಯುತ್ತ ಆ ನಗುವನ್ನೆಲ್ಲ ಕೇಳಿಸಿಕೊಂಡಳು, ಸಾವಿಲ್ಲವಲ್ಲ, ಹೋಗಲೇ ಅಮ್ಮಾ ಎಂದು ಕೇಳಿದಳು. 'ಇಷ್ಟು ಜನ ಬಂದಿದ್ದಾರೆ, ಕಾಫಿ ಕೊಟ್ಟು ಲೋಟ ತೊಳೆದು ಹೋಗು' ಎಂದರು ಯಮುನಮ್ಮ. ಆಗಲೇ ಮೂರನೆಯ ಸದ್ದು. ಅದು ಗುಂಡಿನ ಹಾಗೆ ಇರಲಿಲ್ಲ, ಯಾವುದರ ಹಾಗೂ ಇರಲಿಲ್ಲ. ಅದು ಮುಗಿದ ಮೇಲೆ ಅಂಗಳದಲ್ಲಿ ಜನ ತಂತಮ್ಮವರನ್ನು ಹೆಸರು ಹಿಡಿದು ಕೂಗಿದರು, ತಡವಿದರು, ಎಣಿಸಿದರು. ಆಮೇಲೆ ಒಬ್ಬ ಗಂಡಸು ಅಳುತ್ತ ಕೈ ಎತ್ತಿ 'ಎಲ್ಲ ಇದ್ದಾರೆ! ಎಲ್ಲ ಇದ್ದಾರೆ!' ಎಂದು ಕೂಗಿದ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸುಮಿತಾ ಕೈಗೆ ಬೂದಿ ಮೆತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಎಂಬ ಆ ಮಾತು ಅವಳನ್ನು ಹಾದು ಹೋಯಿತು, ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋದ ಹಾಗೆ.

ಒಳ್ಳೆಯವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟದ ಕೆಲಸ. ಅವತ್ತು ಯಮುನಮ್ಮ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ಮನೆ ಹೋದವರಿಗೆಲ್ಲ ಆ ಅಂಗಳದಲ್ಲೇ ದಿನಗಟ್ಟಲೆ ಅನ್ನ ಬೆಂದಿತು, ಮೇಲಿನ ಜಾತಿ ಕೆಳಗಿನ ಜಾತಿ ಎನ್ನದೆ ಒಂದೇ ಹಂಡೆಯಿಂದ ಬಡಿಸಿದರು, ಅವಳೂ ಉಂಡಳು. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಸರಿಗೆ ಇಳಿದು ಗಿರಿಯನ್ನು ಹುಡುಕಿದ್ದೂ ನಿಜ. ಪೇಪರಿನವರು ಬಂದು ಈ ಊರಿನ ಒಗ್ಗಟ್ಟು ನೋಡಿ ಕಲಿಯಬೇಕು ಎಂದು ಬರೆದರು, ಅದೂ ಸುಳ್ಳಲ್ಲ. ಆಮೇಲೆ ಸರಕಾರ ಗಿರಿ ಸತ್ತನೆಂದು ಒಪ್ಪಿಕೊಂಡಿತು. ಲೇಔಟಿನಲ್ಲಿ ಗದ್ದೆಯವರಿಗೂ ಲೈನಿನವರಿಗೂ ಒಂದೇ ಅಳತೆಯ ಮನೆ ಕೊಟ್ಟಿತು. ಊರು ಮಾತ್ರ ಒಪ್ಪಿಕೊಳ್ಳುವುದನ್ನು ಮರೆತುಬಿಟ್ಟಿತು. ಕೆಟ್ಟ ಮನಸ್ಸಿನಿಂದಲ್ಲ. ಬದುಕಿದ ಖುಷಿಯಲ್ಲಿ.

ದೊಡ್ಡಮನೆಯ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಒಂದು ಬದಿಗೆ ಗುಡ್ಡೆ ಮಾಡಿ ಕುರ್ಚಿ ಹಾಕಿದ್ದರು. ಹುಳಿ ಹುಳಿ ವಾಸನೆ. ಅವಳು ಬದಿಯಿಂದ ಹಿತ್ತಲಿಗೆ ಹೋದಳು, ಯಾರೂ ಹೇಳಬೇಕಾಗಿರಲಿಲ್ಲ. ನಲ್ಲಿಯ ಹತ್ತಿರ ಲೋಟಗಳ ರಾಶಿ. ಯಮುನಮ್ಮ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಂಡು, 'ಆ ದೊಡ್ಡ ಹಂಡೆ ಮೊದಲು ತೊಳಿ' ಎಂದರು. ಮುಂದಿನಿಂದ ಮಾತು ತೇಲಿ ಬರುತ್ತಿತ್ತು, ಪ್ರತಿಯೊಬ್ಬರೂ ಹೆಣದ ಎದುರು ಕುಳಿತು ತಮ್ಮ ತಮ್ಮ ಬದುಕಿದ ಕತೆ ಹೇಳುತ್ತಿದ್ದರು: ನಾನು ಬರೋದಿಲ್ಲ ಅಂತಿದ್ದೆ, ಇವಳೇ ಎಳ್ಕೊಂಡು ಬಂದದ್ದು. ನಾನು ಎರಡನೇ ಲೋಟ ಕಾಫಿ ಕೇಳಿದೆ ಮಾರಾಯ, ಅದಕ್ಕೇ ಉಳಿದೆ. ಬದುಕಿದ್ದಾಗ ಇದನ್ನು ಕೇಳಿ ಕೇಳಿ ಕೃಷ್ಣಪ್ಪ ಸಿಡುಕುತ್ತಿದ್ದರು. ಕಾಲಿಗೆ ಬೀಳಲು ಬಂದವರಿಗೆ, 'ಸಾಯದೆ ಇದ್ದದ್ದು ಒಂದು ಕಸುಬಾ?' ಎನ್ನುತ್ತಿದ್ದರು. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಎಲ್ಲರ ಕತೆಯಲ್ಲೂ ಸಿಕ್ಕಿಹಾಕಿಕೊಂಡ ಮುದುಕ.

ಧರ್ಮೇಶ್ ನೀರು ಕುಡಿಯಲು ಹಿತ್ತಲಿಗೆ ಬಂದಾಗ ಕೋವಿ ಅವನ ಹೆಗಲಲ್ಲೇ ಇತ್ತು. ಸುಮಿತಾ ಲೋಟ ತೊಳೆದು ನೀರು ತುಂಬಿಸಿ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದು, 'ಅಣ್ಣಾ, ಒಂದು ಕೇಳಬೇಕು' ಎಂದಳು. ಏನೋ ಕದಿಯಲು ಬಂದವಳ ಹಾಗೆ ಸುತ್ತ ನೋಡಿದಳು. 'ಗಿರಿಗೆ ಎರಡು ಗುಂಡು ಹೊಡೀಬೇಕು. ಅತ್ತೆ ಕೇಳ್ತಾರೆ. ಇವತ್ತು ಕೋವಿ ಹೊರಗೆ ಉಂಟಲ್ಲ.'

ಧರ್ಮೇಶನ ಮುಖ ಮೃದುವಾಯಿತು. ಅದೇ ಅವಳಿಗೆ ತಡೆಯಲಾಗದ್ದು, ಆ ಮೃದುವಾಗುವುದು. 'ಸುಮಿತಾ,' ಎಂದ, 'ಅವತ್ತು ಭೂಮಿಯೇ ಅವನಿಗೆ ಎರಡು ಗುಂಡು ಹೊಡೀತಲ್ಲ. ನಾನು ಯಾವಾಗಲೂ ಹಾಗೇ ಅಂದ್ಕೊಳ್ತೇನೆ. ಅದಕ್ಕಿಂತ ದೊಡ್ಡ ಮರ್ಯಾದೆ ಯಾರಿಗೆ ಸಿಕ್ತದೆ ಹೇಳು?'

'ಭೂಮಿ ಹೊಡೆದಾಗ ಊರೆಲ್ಲ ಇಲ್ಲಿಗೆ ಬಂತು ಅಣ್ಣಾ. ಅಲ್ಲಿಗೆ ಯಾರೂ ಬರಲಿಲ್ಲ.'

ಅವನು ಲೋಟ ಕೆಳಗಿಟ್ಟ. 'ಇರು, ಚಿಕ್ಕಜ್ಜನ ಹತ್ರ ಒಂದು ಮಾತು ಕೇಳ್ತೇನೆ' ಎಂದು ಹೋದ. ಪಾಪ, ಹೋಗಿ ನಿಜವಾಗಿಯೂ ಕೇಳಿದ. ಅವನು ಮೆಲ್ಲಗೆ ಕೇಳಿದ್ದು ಇಲ್ಲಿಗೆ ಕೇಳಿಸಲಿಲ್ಲ, ಉತ್ತರ ಕೇಳಿಸಿತು. ನಾಪೋಕ್ಲಿನ ಚಿಕ್ಕ ಸಾಹುಕಾರರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. 'ಎಂತ? ಯಾರಿಗೆ? ಹೆಣ ಎಲ್ಲುಂಟು?' ಮತ್ತೆ, 'ಅಲ್ಲ ಮಾರಾಯ, ಇಷ್ಟು ವರ್ಷ ಆದ ಮೇಲೆ ಗುಂಡು ಹೊಡೆದ್ರೆ ಊರು ಎಂತ ತಿಳೀಬೇಕು? ಇನ್ನೊಂದು ಸಲ ಬಿಳಿ ಉಟ್ಟು ಓಡಿ ಬರಬೇಕಾ?' ಕುರ್ಚಿಗಳಿಂದ ನಗು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆದು, ತಡೆಯಲಾಗದೆ ಮೂಗಿನಿಂದ ಬಂದ ನಗು. ಗಿರಿ ಅವತ್ತು ಹೆಜ್ಜೆ ಹಿಂದಿಟ್ಟುಕೊಂಡು ನಕ್ಕದ್ದನ್ನು ಅವಳು ನೆನೆದಳು. ಅವಳ ಕೈಯಲ್ಲಿದ್ದ ತೆಂಗಿನ ನಾರು ಒಂದೇ ಲೋಟವನ್ನು ಸುತ್ತಿ ಸುತ್ತಿ ಉಜ್ಜುತ್ತಿತ್ತು. ಓಡಿ ಬರಬೇಕಾ? ಅವಳು ಉಜ್ಜುವುದನ್ನು ನಿಲ್ಲಿಸಿದಳು. ಓಡಿ ಬರ್ತೀರಿ. ಬಾರದೆ ಎಲ್ಲಿಗೆ ಹೋಗ್ತೀರಿ? ಸದ್ದಾದರೆ ಕಾಲು ತಾನಾಗಿ ಏಳುತ್ತದೆ ನಿಮ್ಮದು, ನನ್ನ ಕೈ ಚೌಕಟ್ಟಿಗೆ ಹೋಗುವ ಹಾಗೆ.

ಬಿಸಿಲು ಇಳಿಯುವ ಮೊದಲೇ ಹೆಣ ಎತ್ತಿದರು. ಗದ್ದೆಯಾಚೆ ಸುಡುವ ಜಾಗ. ಹೆಂಗಸರೂ ಹೋದರು, ಕೊನೆಗೆ ಯಮುನಮ್ಮನನ್ನೂ ಇಬ್ಬರು ತೋಳು ಹಿಡಿದು ಕರೆದುಕೊಂಡು ಹೋದರು. ಮನೆಯಲ್ಲಿ ಉಳಿದವರು ಸುಮಿತಾ, ಮತ್ತೆ ದೀಪ ಕಾಯಲು ಕುಳಿತ ಮುತ್ತಮ್ಮಜ್ಜಿ. ಕೆಳಮನೆಯ ಸತ್ತ ಅಜ್ಜಿಯ ಓರಗಿತ್ತಿ, ಅವತ್ತು ಮನೆ ಕಳೆದುಕೊಂಡವಳು, ಮಂಡಿನೋವಿಗೆ ಇಳಿಜಾರು ಇಳಿಯಲಾರಳು. ಸುಮಿತಾ ಸೌದೆ ಕೊಟ್ಟಿಗೆಗೆ ಹೋಗಿ ತಲೆ ಎತ್ತಿ ನೋಡಿದಳು. ಇತ್ತು. ಜಂತಿಗೆ ತಂತಿ ಕಟ್ಟಿ ಇಳಿಬಿಟ್ಟ ಬಿಸ್ಕತ್ತಿನ ಡಬ್ಬಿ. ಬಚ್ಚಲೊಲೆಯ ಶಾಖಕ್ಕೆ ತಂಡಿ ಹಿಡಿಯುವುದಿಲ್ಲವೆಂದು ಗಿರಿ ಕಟ್ಟಿದ್ದು. ಅವನ ನಂತರ ಬಂದ ಕಾವಲಿನವನೂ ಅದರಲ್ಲೇ ಇಡುತ್ತಾನೆ, ಆನೆ ಓಡಿಸುವ ಗರ್ನಾಲು ಪಟಾಕಿಗಳನ್ನು. ತಂತಿಯ ಗಂಟು ಗಿರಿಯದೇ, ಎರಡು ಸುತ್ತು ಹಾಕಿ ಒಳಗಿನಿಂದ ಮಡಚಿದ್ದು. ಅವಳು ಎರಡು ತೆಗೆದುಕೊಂಡಳು. ಬೆಂಕಿಪೆಟ್ಟಿಗೆ ಹುಡುಕಿದಳು, ಒಲೆಯ ಮೇಲಿನ ಗೂಡಿನಲ್ಲಿ ಇರಲಿಲ್ಲ. ಜಗಲಿಗೆ ಬಂದಾಗ ಮುತ್ತಮ್ಮಜ್ಜಿ ಅವಳ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಚಿಕ್ಕ ಸಾಹುಕಾರರ ಮಾತು ಕಿವಿ ಮಂದವಾದ ಮುದುಕಿಗೂ ಕೇಳಿಸಿರಬೇಕು. ದೀಪದ ಹಿಂದಿದ್ದ ಬೆಂಕಿಪೆಟ್ಟಿಗೆಯನ್ನು ತೆಗೆದು ನೆಲದ ಮೇಲೆ ಇತ್ತ ನೂಕಿದಳು. 'ಕಾಫಿ ರಾಶಿಯಿಂದ ದೂರ ಹಚ್ಚು' ಎಂದಳು. 'ಬೆಂಕಿ ಹಿಡಿದೀತು.'

ಮೊದಲನೆಯದು ಸಿಡಿದಾಗ ಅವಳ ಕಿವಿ ಮುಚ್ಚಿಹೋಯಿತು. ಗಿರಿ ಹೀಗೆ ಹಚ್ಚುತ್ತಿದ್ದಾಗ ಅವಳು ಲೈನಿನ ಒಳಗೆ ಕುಳಿತು ಬೈಯುತ್ತಿದ್ದಳು, ಸ್ವಲ್ಪ ದೂರ ಹೋಗಿ ಹಚ್ಚಬಾರದಾ ಎಂದು. ಉಗುಳು ನುಂಗಿದಳು. ಎರಡನೆಯದನ್ನು ಹಚ್ಚಿದಳು. ಸದ್ದು ಬೆಟ್ಟಕ್ಕೆ ಹೋಗಿ, ಬೆಟ್ಟದ ಬೋಳು ಪಕ್ಕೆಗೆ ತಾಗಿ, ವಾಪಸು ಬಂತು. ನಾಯಿಗಳು ಬೊಗಳಿದವು, ಹಕ್ಕಿಗಳು ಎದ್ದವು. ಆಮೇಲೆ ಗದ್ದೆಯ ಕಡೆಯಿಂದ ಮಾತಿನ ಗುಜುಗುಜು ಒಮ್ಮೆಗೇ ನಿಂತುಹೋದದ್ದು ಅವಳಿಗೆ ಕೇಳಿಸಿತು. ಮಾತು ನಿಂತದ್ದು ಕೇಳಿಸುತ್ತದೆ.

ಬಂದರು. ಕೆಂಡ ಹಿಡಿದವನ ಹತ್ತಿರ ನಾಲ್ಕು ಜನರನ್ನು ಬಿಟ್ಟು ಉಳಿದವರೆಲ್ಲ ಇಳಿಜಾರು ಹತ್ತಿ ಬಂದರು, ಸೀರೆ ಎತ್ತಿ ಹಿಡಿದುಕೊಂಡು, ಏದುಸಿರು ಬಿಡುತ್ತ, ಒಬ್ಬೊಬ್ಬರೂ ಕಿವಿಗೆ ಫೋನು ಒತ್ತಿಕೊಂಡು ಮನೆಯಲ್ಲಿ ಬಿಟ್ಟುಬಂದವರ ಹೆಸರು ಕೂಗುತ್ತ. ನಾಪೋಕ್ಲಿನ ಚಿಕ್ಕ ಸಾಹುಕಾರರ ಒಂದು ಕಾಲಿನ ಚಪ್ಪಲಿ ಗದ್ದೆಯ ಬದಿಯಲ್ಲೇ ಉಳಿದಿತ್ತು. 'ಯಾರು? ಯಾರು?' ಎಂದರು. ಯಮುನಮ್ಮ ಕಂಬ ಹಿಡಿದು 'ಯಾರು ಸುಮಿತಾ, ಮುತ್ತಮ್ಮಜ್ಜಿಯಾ?' ಎಂದರು, ಅಷ್ಟರಲ್ಲಿ ಮುತ್ತಮ್ಮಜ್ಜಿ ದೀಪಕ್ಕೆ ಎಣ್ಣೆ ಹಾಕುತ್ತಿರುವುದನ್ನು ನೋಡಿ ಕಂಬಕ್ಕೆ ಒರಗಿದರು. ಅಷ್ಟೂ ಮುಖಗಳಲ್ಲಿ ಒಂದೇ ಭಯ, ನಮ್ಮವರಾ ಎನ್ನುವ ಭಯ. ಸುಮಿತಾ ಅದನ್ನು ನೋಡುತ್ತ ನಿಂತಳು. ಬೇಗ ಹೇಳಬಹುದಿತ್ತು. ಹೇಳಲಿಲ್ಲ. ಇದನ್ನು ಹೊತ್ತುಕೊಂಡೇ ಅವಳು ಅವತ್ತು ಈ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತು ಇವರೂ ಹೊತ್ತುಕೊಳ್ಳಲಿ.

'ಗಿರಿ' ಎಂದಳು.

'ಯಾವ ಗಿರಿ?' ಎಂದ ಒಬ್ಬ, ಫೋನು ಕಿವಿಯಲ್ಲೇ ಇಟ್ಟುಕೊಂಡು.

'ಯಾವ ಗಿರಿಯಾ?' ಜಗಲಿಯಿಂದ ಮುತ್ತಮ್ಮಜ್ಜಿ ಒದರಿದಳು. 'ನಿನ್ನ ಗದ್ದೆಗೆ ಬಂದ ಆನೆ ಓಡಿಸಿದವ. ಬೇರೆ ಯಾವ ಗಿರಿ ಉಂಟು ನಿನಗೆ?'

ಚಿಕ್ಕ ಸಾಹುಕಾರರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆದಾಗ ಮುಖ ಕೆಂಪಾಯಿತು, ಹುಬ್ಬು ಮೇಲೆ ಹೋಯಿತು, ಅದೇ ಹುಬ್ಬು. 'ಎಷ್ಟು ಸೊಕ್ಕು ನಿನಗೆ? ಅಲ್ಲಿ ಅಣ್ಣನ ಹೆಣ ಬಿಟ್ಟು ಬಂದೆವು ನಾವು! ಹೀಗೆ ಓಡಿಸಲಿಕ್ಕೆ ನಮ್ಮನ್ನ ಯಾರು ಅಂತ…'

'ನಿಮ್ಮನ್ನ ಯಾರು ಕರೆದದ್ದು?' ಎಂದಳು ಸುಮಿತಾ. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. 'ನಾನು ಯಾರ ಹೆಸರೂ ಕೂಗಲಿಲ್ಲ ಸಾಹುಕಾರ್ರೆ. ಎರಡು ಸದ್ದು ಕೇಳಿತು, ನೀವೇ ಬಂದ್ರಿ. ಹೀಗೆ ಬರೋದೇ ಅಲ್ವಾ ಸಾವಿಗೆ? ಅವನೂ ಹೀಗೇ ಬಂದಿದ್ದ ಕೆಳಮನೆಗೆ. ಬೆಟ್ಟ ಕುಸಿದ ಬೆಳಿಗ್ಗೆ ನಾನೂ ನಿಮ್ಮ ಹಾಗೇ ಅವನನ್ನ ಕೇಳಿದೆ, ನಿನ್ನನ್ನ ಯಾರು ಕರೆದದ್ದು ಅಂತ. ಕೇಳಿ ಕೂರಿಸಿದೆ. ಅವನು ಕೂತ.' ಮುಂದಿನದು ಬಾಯಿಗೆ ಬರಲಿಲ್ಲ. ಬೇರೆಯೇ ಬಂತು: 'ಬಂದ ಮೇಲೆ ಕೂತ್ಕೊಳ್ಳಿ. ಕಾಫಿ ಹಂಡೆಯಲ್ಲಿ ಉಂಟು. ಲೋಟ ನಲ್ಲಿಯ ಹತ್ರ ಬಿದ್ದಿದೆ, ಬೇಕಾದವರು ತೊಳೆದುಕೊಳ್ಳಿ.'

ಅಷ್ಟು ಹೇಳಿ ಅವಳು ಹಿತ್ತಲಿಗೆ ಹೋಗಲಿಲ್ಲ. ಜಗಲಿ ಹತ್ತಿ, ಮುತ್ತಮ್ಮಜ್ಜಿಯ ಪಕ್ಕದಲ್ಲಿ, ಸಾವಿನ ಮನೆಯವರು ಕೂರುವ ಚಾಪೆಯ ಮೇಲೆ ಕುಳಿತಳು. ಯಾರೂ ಏಳು ಎನ್ನಲಿಲ್ಲ. ಸಿಟ್ಟು ಇಳಿದೀತು ಎಂದುಕೊಂಡಿದ್ದಳು, ಇಳಿದಿರಲಿಲ್ಲ, ಗಟ್ಟಿಯಾಗಿ ಎದೆಯಲ್ಲೇ ಇತ್ತು. ಅದಿಲ್ಲದೆ ಬೆನ್ನು ನೆಟ್ಟಗೆ ನಿಲ್ಲುತ್ತಿತ್ತೋ ಇಲ್ಲವೋ. ಮಡಿಲಲ್ಲಿ ಫೋನು ಹೊಡೆದುಕೊಂಡಿತು. ಬೆಳ್ಳಿ.

'ಹೊಡೆದ್ರಾ?'

'ಹೊಡೆದಾಯ್ತು.'

'ಎರಡೂ?'

'ಎರಡೂ.'

ಆ ಕಡೆ ಬೆಳ್ಳಿ ಎಲೆ ಅಡಿಕೆ ಉಗುಳಿದ ಸದ್ದು. ಆಮೇಲೆ, 'ಜನ ಬಂದ್ರಾ?'

ಸುಮಿತಾ ಅಂಗಳ ನೋಡಿದಳು. ಯಮುನಮ್ಮ ಅವಳ ಕಡೆ ನೋಡದೆ ಕಂಬಕ್ಕೆ ಹಣೆ ಒತ್ತಿ ನಿಂತಿದ್ದರು. 'ಬಂದಿದ್ದಾರೆ ಅತ್ತೆ.'

'ನಿಂತಿದ್ದಾರಾ, ಕೂತಿದ್ದಾರಾ?'

ನಾಪೋಕ್ಲಿನ ಚಿಕ್ಕ ಸಾಹುಕಾರರು ನಿಂತೇ ಇದ್ದರು, ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಇಲ್ಲ. ಉಳಿದವರು ಅವರ ಮುಖ ನೋಡುತ್ತಿದ್ದರು. ಹಿತ್ತಲಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ಯಾರೋ ಹೋಗಿದ್ದರು, ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅಂದವು. ಅವಳ ಕೈ ತಾನಾಗಿ ಎದ್ದಿತು. ಅವಳು ಅದನ್ನು ಹಿಡಿದು ಮಡಿಲಿಗೆ ಹಾಕಿಕೊಂಡಳು.

'ಇರಿ,' ಎಂದಳು ಫೋನಿಗೆ, ಅವರ ಮೇಲಿನಿಂದ ಕಣ್ಣು ತೆಗೆಯದೆ. 'ಕೂತ ಮೇಲೆ ಹೇಳ್ತೇನೆ. ಅಲ್ಲಿಯವರೆಗೆ ಫೋನು ಇಡಬೇಡಿ.'